ಅಣ್ಣನ ಮೈ, ನನ್ನ ತೂಕ

ಈಗ ನನ್ನ ತೂಕ ಎಷ್ಟೆಂದು ಕೇಳಬೇಡಿ. ಗೊತ್ತಿದೆ, ಆದರೆ ಹೇಳುವುದಿಲ್ಲ. ಈ ಊರಿನಲ್ಲಿ "ಊಟ ಆಯ್ತಾ" ಎಂದು ಕೇಳುವಷ್ಟೇ ಸಲೀಸಾಗಿ "ಎಂತ ಮಾರಾಯ, ಡುಮ್ಮ ಆಗಿದ್ದಿ", "ಎಂತ ಮಾರಾಯ, ಒಣಗಿ ಹೋಗಿದ್ದಿ" ಎನ್ನುತ್ತಾರೆ. ಸಿಟಿ ಬಸ್ಸಿನಲ್ಲಿ, ಮದುವೆ ಹಾಲ್‌ನಲ್ಲಿ, ಸಾವಿನ ಮನೆಯಲ್ಲಿ, ಎಲ್ಲ ಕಡೆಯೂ ಎನ್ನುತ್ತಾರೆ. ನಾನೂ ಬೇಕಾದಷ್ಟು ಜನರಿಗೆ ಅಂದಿದ್ದೇನೆ. ಈಗ ಯಾರಾದರೂ ನನ್ನ ಹೊಟ್ಟೆಯ ಕಡೆ ಕಣ್ಣು ಹಾಕಿ ಬಾಯಿ ತೆರೆಯುವ ಮೊದಲೇ "ಬೇರೆ ಮಾತಾಡುವ" ಎಂದುಬಿಡುತ್ತೇನೆ. ಅಹಂಕಾರ ಎಂದು ತಿಳಿದುಕೊಂಡವರಿದ್ದಾರೆ. ತಿಳಿದುಕೊಳ್ಳಲಿ.

ಇದನ್ನು ಬರೆಯಲು ಕಾರಣ ಒಂದೇ. ಆಸ್ಪತ್ರೆಯ ಬೆಂಚಿನ ಮೇಲೆ ಮುಖ ತಗ್ಗಿಸಿ ಕೂತಿದ್ದ ದಿನಗಳಲ್ಲಿ, ನನ್ನ ಹಾಗೆಯೇ ಒದ್ದಾಡಿದ ಇನ್ನೊಬ್ಬ ಗಂಡಸು ಈ ಮಂಗಳೂರಲ್ಲಿ ಇದ್ದಾನೆ ಎಂದು ಯಾರಾದರೂ ಹೇಳಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಯಾರೂ ಹೇಳಲಿಲ್ಲ. ಹಾಗಾಗಿ ನಾನೇ ಹೇಳುತ್ತಿದ್ದೇನೆ.

ನಮ್ಮದು ಸುರತ್ಕಲ್ಲಿನ ಹತ್ತಿರ, ಹೆದ್ದಾರಿ ದಾಟಿ ಸಮುದ್ರದ ಬದಿಗೆ ಇಳಿದರೆ ಸಿಗುವ ಮೊಗವೀರರ ಮನೆ. ಅಪ್ಪ ಕಡಲಿಗೆ ಹೋಗುತ್ತಿದ್ದರು; ಅವರು ತೀರಿಕೊಂಡು ತುಂಬಾ ವರ್ಷವಾಯಿತು. ಅಮ್ಮ ಬುಟ್ಟಿ ಹೊತ್ತು ಮನೆ ಮನೆಗೆ ಮೀನು ಮಾರಿದವಳು. ಅಣ್ಣ ವಸಂತ ಬಂದರಿನಲ್ಲಿ ದೋಣಿಗಳು ನಿಲ್ಲುವ ಧಕ್ಕೆಯಲ್ಲಿ ಮೀನು ಹರಾಜಿಗೆ ಹಿಡಿದು ಮಾರುವ ವ್ಯಾಪಾರ ಮಾಡುತ್ತಿದ್ದ, ಮದುವೆ ಆಗಿರಲಿಲ್ಲ. ನಾನು ಹರೀಶ, ಕೊಟ್ಟಾರದ ಒಂದು ವಿಮಾ ಕಚೇರಿಯಲ್ಲಿ ಕುರ್ಚಿ ಬಿಸಿ ಮಾಡುವ ಕೆಲಸ. ನನ್ನ ಹೆಂಡತಿ ಪ್ರತಿಮಾ. ನಾವು ನಾಲ್ವರೂ ಒಂದೇ ಮನೆಯಲ್ಲಿ ಇದ್ದೆವು. ಮನೆಯಲ್ಲಿ ಆಡುವುದು ತುಳು. ಇಲ್ಲಿ ಎಲ್ಲರ ಮಾತನ್ನೂ ಕನ್ನಡಕ್ಕೆ ತಂದಿದ್ದೇನೆ. ಅಮ್ಮನ ಬೈಗುಳದ ಖಾರ ಸ್ವಲ್ಪ ಕಡಿಮೆ ಅನಿಸಿದರೆ ಅದು ಅಮ್ಮನ ತಪ್ಪಲ್ಲ.

ಅಣ್ಣನಿಗೂ ನನಗೂ ಮೈಕಟ್ಟು ಒಂದೇ. ಅಗಲ ಹೆಗಲು, ದಪ್ಪ ಮಣಿಕಟ್ಟು, ಅಪ್ಪನಿಂದ ಬಂದ ಎದೆಗೂಡು. ಅಂಗಿ ಅದಲುಬದಲು ಮಾಡಿಕೊಂಡು ಹಾಕುತ್ತಿದ್ದೆವು. ಮೀನು ಮಾರ್ಕೆಟ್ಟಿನಲ್ಲಿ ಹಿಂದಿನಿಂದ ನನ್ನನ್ನು "ವಸಂತಣ್ಣ" ಎಂದು ಕರೆದವರೇ ಹೆಚ್ಚು. ನಲವತ್ತರ ಹೊತ್ತಿಗೆ ಇಬ್ಬರ ಹೊಟ್ಟೆಯೂ ಮುಂದೆ ಬಂತು. ಅವನದು ನನಗಿಂತ ಸ್ವಲ್ಪ ಹೆಚ್ಚು. ಅವನಿಗೆ ಸಕ್ಕರೆ ಕಾಯಿಲೆಯೂ ಬಿಪಿಯೂ ಇತ್ತು, ಬೀಡಿ ಬಿಡುತ್ತಿರಲಿಲ್ಲ. ತೂಕ ಇಳಿಸಬೇಕೆಂದು ಡಾಕ್ಟರು ಹೇಳಿ ಕಳಿಸಿದ್ದರು.

ಒಂದು ಸಂಜೆ ಎದೆಯಲ್ಲಿ ಹಿಡಿದ ಹಾಗೆ ಆಗುತ್ತದೆ ಎಂದ. "ಗ್ಯಾಸ್ ಮಾರಾಯ, ಒಂದು ಸೋಡ ಕುಡಿದ್ರೆ ಹೋಗ್ತದೆ" ಎಂದು ತಾನೇ ಔಷಧಿಯನ್ನೂ ಹೇಳಿಕೊಂಡ. ಕುಡಿದ, ಉಂಡ, ಮಲಗಿದ. ಬೆಳಿಗ್ಗೆ ಧಕ್ಕೆಗೆ ಹೋಗುವ ಹೊತ್ತಾದರೂ ಏಳಲಿಲ್ಲ. ಅಮ್ಮ ಎಬ್ಬಿಸಲು ಹೋದಳು.

ನಮ್ಮ ಓಣಿಗೆ ವಾಹನ ಬರುವುದಿಲ್ಲ. ರಸ್ತೆಯವರೆಗೆ ಹೊತ್ತೇ ಹೋಗಬೇಕು. ಚಟ್ಟದ ಮುಂದಿನ ಎಡ ಬದಿ ನನ್ನದು. ಮರಳು ದಾರಿಯಲ್ಲಿ ಪ್ರತಿ ಹೆಜ್ಜೆಗೂ ಕಾಲು ಹೂತುಹೋಗುತ್ತಿತ್ತು. ಹೆಗಲು ಬದಲಿಸಲು ಎಲ್ಲರೂ ಒಮ್ಮೆ ನಿಂತಾಗ ಹಿಂದಿನಿಂದ ಒಂದು ದನಿ ಬಂತು.

"ಅಬ್ಬ ದೇವರೇ, ಎಂತ ಭಾರ ಮಾರಾಯ ಇವ!"

ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ ಅದು. ಏದುಸಿರು ಬಿಡುತ್ತಾ ಯಾರೋ ಪಾಪ ತನ್ನಷ್ಟಕ್ಕೆ ಅಂದದ್ದು. ಯಾರೆಂದು ತಿರುಗಿ ನೋಡಲು ನನಗೆ ಆಗಲಿಲ್ಲ, ಹೆಗಲ ಮೇಲೆ ಅಣ್ಣನಿದ್ದ. ಯಾರೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ಗೊತ್ತಾಗಿದ್ದರೆ ಅವನೊಂದಿಗೆ ನಾಲ್ಕು ಮಾತು ಜಗಳ ಮಾಡಿ ಮುಗಿಸುತ್ತಿದ್ದೆನೋ ಏನೋ. ಮುಖವಿಲ್ಲದ ದನಿಯ ಹತ್ತಿರ ಹೇಗೆ ಜಗಳ ಮಾಡುವುದು?

ಎಲ್ಲ ಮುಗಿಸಿ ಬಂದು ಸ್ನಾನ ಮಾಡಿ ಒಳಗೆ ಬಂದೆ. ಕಪಾಟಿನ ಕನ್ನಡಿಯಲ್ಲಿ ಅಗಲ ಹೆಗಲು, ಮುಂದೆ ಬಂದ ಹೊಟ್ಟೆ, ಒದ್ದೆ ಎದೆ. ಬೆಳಿಗ್ಗೆ ಮಲಗಿಸಿ ಮೀಯಿಸಿದ ಅದೇ ಮೈ ಎದ್ದು ಬಂದು ನಿಂತಿತ್ತು. ನಾನು ಟವೆಲನ್ನು ಕನ್ನಡಿಯ ಮೇಲೆ ಎಸೆದೆ. ಪ್ರತಿಮಾ ಅದನ್ನು ತೆಗೆಯಲು ಬಂದಾಗ ಅವಳ ಮೇಲೆ ರೇಗಿದೆ.

ಕೆಲವು ತಿಂಗಳ ಮೇಲೆ ಕಚೇರಿಯಲ್ಲಿ ಎಲ್ಲರಿಗೂ ಆರೋಗ್ಯ ತಪಾಸಣೆ ಇಟ್ಟರು. ಬಂದಿದ್ದ ಹುಡುಗಿ ನನ್ನ ಎತ್ತರ ಅಳೆದಳು, ತೂಕದ ಯಂತ್ರದ ಮೇಲೆ ನಿಲ್ಲಿಸಿದಳು, ಗೋಡೆಗೆ ಅಂಟಿಸಿದ್ದ ಬಣ್ಣದ ಚಾರ್ಟಿನಲ್ಲಿ ಬೆರಳು ಇಟ್ಟು ಹುಡುಕಿದಳು. "ನೀವು ಕೆಂಪಲ್ಲಿ ಇದ್ದೀರಿ ಸರ್. ನಿಮ್ಮ ಎತ್ತರಕ್ಕೆ ಇಲ್ಲಿ ಇರ್ಬೇಕು" ಎಂದು ಹಸಿರು ಚೌಕವೊಂದನ್ನು ತೋರಿಸಿದಳು. ಪಕ್ಕದಲ್ಲಿ ನಿಂತಿದ್ದ ಸಹೋದ್ಯೋಗಿ "ಅದಕ್ಕೆ ಚಾರ್ಟ್ ಎಂತಕೆ? ಸೆಂಟಿಮೀಟರ್ ಎತ್ತರದಲ್ಲಿ ನೂರು ಕಳಿ, ಆಯ್ತು" ಎಂದ. ಕಳೆದೆ. ಕಾಲೇಜಿನಲ್ಲಿದ್ದಾಗಲೂ ನಾನು ಅಷ್ಟು ಕಡಿಮೆ ತೂಗಿರಲಿಲ್ಲ. ಆದರೂ ಅದನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅಣ್ಣ ಹೋದ ದಾರಿಯಲ್ಲಿ ನಾನು ಹೋಗಬಾರದಾದರೆ ಆ ಸಂಖ್ಯೆಗೆ ಮುಟ್ಟಬೇಕು, ಅಷ್ಟೇ.

ಶುರುವಾದದ್ದು ಒಳ್ಳೆಯ ರೀತಿಯಲ್ಲೇ. ಇದನ್ನು ಓದುವವರಿಗೆ ಇದು ಮುಖ್ಯ, ಯಾಕೆಂದರೆ ಕಾಯಿಲೆ ಯಾವತ್ತೂ ಕಾಯಿಲೆಯ ವೇಷ ಹಾಕಿ ಬರುವುದಿಲ್ಲ. ಸಂಜೆ ಕಡಲ ಕರೆಯ ಮರಳಲ್ಲಿ ನಡೆದೆ. ಕಚೇರಿಯ ಕೆಳಗಿನ ಹೋಟೆಲಿನ ಗೋಳಿಬಜೆ ಬಿಟ್ಟೆ. ಬಂಗುಡೆ ಹುರಿಯುವ ಬದಲು ಸಾರಿಗೆ ಹಾಕಲು ಹೇಳಿದೆ. ಮೈ ಹಗುರವಾಯಿತು, ಬಿಪಿ ಇಳಿಯಿತು, ನಿದ್ದೆ ಬಂತು. ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಎಲ್ಲರೂ ಹೊಗಳಿದರು. "ಸೂಪರ್ ಆಗಿದ್ದೀರಿ ಮಾರಾಯ್ರೆ, ಗುಟ್ಟು ಎಂತ?" ಎಂದು ಕೇಳದವರಿಲ್ಲ. ನಾನು ರಾತ್ರಿಯ ಅನ್ನ ಬಿಟ್ಟೆ. ಆಮೇಲೆ ಮಧ್ಯಾಹ್ನದ್ದನ್ನೂ ಬಿಟ್ಟೆ.

ಮನೆಗೊಂದು ತೂಕದ ಯಂತ್ರ ತಂದೆ. ಬಚ್ಚಲಿನ ಬಾಗಿಲು ಹಾಕಿಕೊಂಡು ಅದರ ಮೇಲೆ ನಿಲ್ಲುತ್ತಿದ್ದೆ. ಸಂಖ್ಯೆ ಓಡಿ ಓಡಿ ನಿಂತ ಕೂಡಲೇ ನನ್ನ ಬೆನ್ನ ಹಿಂದಿನಿಂದ ಯಾರೋ ಏದುಸಿರು ಬಿಟ್ಟು "ಎಂತ ಭಾರ ಮಾರಾಯ ಇವ" ಎನ್ನುತ್ತಿದ್ದರು. ಹುಚ್ಚು ಅನ್ನಿ, ಬೇಜಾರಿಲ್ಲ. ನನಗೆ ಕೇಳುತ್ತಿತ್ತು. ತೂಕ ಎಷ್ಟೇ ಇಳಿಯಲಿ, ಅದೇ ಮಾತು, ಅದೇ ಏದುಸಿರು. ಚಾರ್ಟಿನ ಹಸಿರಿಗೆ ಮುಟ್ಟಿದ ದಿನ ಕಚೇರಿಯಲ್ಲಿ ಎಲ್ಲರಿಗೂ ಸ್ವೀಟ್ ಹಂಚಿದೆ, ನಾನು ಬಾಯಿಗೆ ಹಾಕಲಿಲ್ಲ. ಆ ದಿನವಾದರೂ ದನಿ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಇನ್ನೂ ಸ್ವಲ್ಪ ಇಳಿದರೆ ನಿಲ್ಲಬಹುದು ಎಂದುಕೊಂಡೆ.

ಮೇ ತಿಂಗಳು. ಮಂಗಳೂರಿನ ಸೆಕೆ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ, ಫ್ಯಾನಿನ ಗಾಳಿಯೂ ಬಿಸಿ. ನಾನು ಸ್ವೆಟರ್ ಹಾಕಿ ಕೂತಿದ್ದೆ. ಬಸ್ಸಿನ ಸೀಟು ಎಲುಬಿಗೆ ಒತ್ತಿ ನೋಯುತ್ತಿತ್ತು, ನಿಂತೇ ಹೋಗುತ್ತಿದ್ದೆ. ತಲೆ ಬಾಚಿದರೆ ಬಾಚಣಿಗೆ ತುಂಬ ಕೂದಲು. ಹೊಗಳುವವರೂ ನಿಧಾನಕ್ಕೆ ಬಾಯಿ ಮುಚ್ಚಿದರು. "ಶುಗರಾ?" ಎಂದು ಒಬ್ಬರು ಮೆಲ್ಲಗೆ ಕೇಳಿದರು. ಇನ್ನೊಬ್ಬರು ಕೇಳದೆಯೇ ದೂರ ಕೂತರು.

ಮನೆಯಲ್ಲಿ ಬಟ್ಟಲಿನ ಮುಂದೆ ಕೂರದೆ ವಿಧಿ ಇರಲಿಲ್ಲ. ಹಾಗಾಗಿ ಪ್ರತಿಮಾ ಒಳಗೆ ಹೋದಾಗ ಮೀನಿನ ತುಂಡನ್ನು ಕಿಟಕಿಯಿಂದ ಹೊರಗೆ ಬಿಡುವುದನ್ನು ಕಲಿತೆ. ಕೊನೆಗೆ ಸಿಕ್ಕಿಬಿದ್ದದ್ದು ಬೆಕ್ಕುಗಳಿಂದ. "ಇಡೀ ಓಣಿಯ ಬೆಕ್ಕು ನಮ್ಮ ಕಿಟಕಿ ಕೆಳಗೆ ಯಾಕೆ ಕೂತಿರ್ತವೆ? ಒಂದೊಂದೂ ಎಮ್ಮೆ ಕರುವಿನ ಹಾಗೆ ಆಗಿವೆ!" ಎಂದು ಪ್ರತಿಮಾ ಕಿಟಕಿಯಿಂದ ಬಗ್ಗಿ ನೋಡಿದಳು. ಮುಳ್ಳಿನ ರಾಶಿ ಕಂಡಿತು. ಅವಳು ಕಿರುಚುತ್ತಾಳೆ ಎಂದುಕೊಂಡಿದ್ದೆ. ಅವಳು ನೆಲದ ಮೇಲೆ ಕೂತು ಅತ್ತಳು.

"ನಿಮಗೆ ನನ್ನ ಮೇಲೆ ಎಂತ ಕೋಪ ಉಂಟು, ಅದನ್ನಾದ್ರೂ ಹೇಳಿ" ಎಂದಳು.

ನನಗೆ ಅವಳ ಮೇಲೆ ಕೋಪ ಇರಲಿಲ್ಲ. ನನಗೆ ಹೆದರಿಕೆ ಇತ್ತು. ಅನ್ನದ ಬಟ್ಟಲು ನೋಡಿದರೆ ಎದೆ ಡವಡವ ಹೊಡೆಯುವಷ್ಟು ಹೆದರಿಕೆ. ಕಡಲಿಗೆ ಹೋದವರ ಮಗ, ಮೀನು ಮಾರಿದವಳ ಮಗ, ಅನ್ನಕ್ಕೆ ಹೆದರುತ್ತೇನೆ ಎಂದು ಯಾವ ಬಾಯಲ್ಲಿ ಹೇಳಲಿ?

ಅಮ್ಮನಿಗೆ ನನ್ನ ಕಾಯಿಲೆ ಬೇರೆಯೇ ಆಗಿ ಕಂಡಿತ್ತು. ಅವಳು ಪಕ್ಕದ ಮನೆಯವರ ಜೊತೆ ಹೋಗಿ ಜೋಯಿಸರಲ್ಲಿ ಪ್ರಶ್ನೆ ಇಡಿಸಿ ಬಂದಳು. ಹೋದವನಿಗೆ ತೃಪ್ತಿ ಇಲ್ಲ, ಅವನ ಹಸಿವು ಮನೆಯಲ್ಲೇ ಸುತ್ತುತ್ತಾ ಉಂಟು ಎಂದು ಅಲ್ಲಿ ಹೇಳಿದರಂತೆ. ನಮ್ಮಲ್ಲಿ ಸತ್ತವರನ್ನು ಕುಲೆ ಎನ್ನುತ್ತೇವೆ, ಮಳೆಗಾಲದ ನಡುವಿನ ಆಟಿ ತಿಂಗಳಲ್ಲಿ ಅವರನ್ನು ಕರೆದು ಎಲೆ ಹಾಕಿ ಬಡಿಸುತ್ತೇವೆ. ಅಮ್ಮನ ಲೆಕ್ಕ ಸರಳವಾಗಿತ್ತು. ನಾನು ತಿಂದದ್ದೆಲ್ಲ ವಸಂತನ ಹೊಟ್ಟೆಗೆ ಹೋಗುತ್ತಿದೆ, ಅದಕ್ಕೇ ನನ್ನ ಮೈ ಇಳಿಯುತ್ತಿದೆ. ನಾನು ತಿನ್ನುತ್ತಲೇ ಇಲ್ಲ ಎಂದು ಪ್ರತಿಮಾ ಎಷ್ಟು ಹೇಳಿದರೂ ಅಮ್ಮನ ತಲೆಗೆ ಹೋಗಲಿಲ್ಲ. ಅವಳ ಮನೆಯಲ್ಲಿ ಅನ್ನ ಇದ್ದೂ ಒಬ್ಬ ತಿನ್ನದೆ ಇರುವುದು ಹೇಗೆ ಸಾಧ್ಯ?

ಹಾಗಾಗಿ ಡಾಕ್ಟರ ಹತ್ತಿರ ಹೋಗುವುದನ್ನು ಆಟಿ ಕಳೆಯುವವರೆಗೆ ಮುಂದೆ ಹಾಕಿದೆವು. ನನಗೂ ಅದೇ ಬೇಕಾಗಿತ್ತು.

ಆಟಿಯಲ್ಲಿ ಕುಲೆಗಳಿಗೆ ಬಡಿಸುವ ಸಂಜೆ ಅಮ್ಮ ನಡುಕೋಣೆಯಲ್ಲಿ ಮಣೆ ಇಟ್ಟು, ಬಾಳೆ ಎಲೆ ಹಾಕಿ, ಕುಚ್ಚಲಕ್ಕಿ ಅನ್ನ ಗುಡ್ಡೆ ಹಾಕಿ, ಕೋಳಿ ಸಾರು, ಹುರಿದ ಬಂಗುಡೆ, ಅಪ್ಪನ ಎಲೆಗೆ ಒಂದು ವೀಳ್ಯ, ಅಣ್ಣನ ಎಲೆಯ ಪಕ್ಕ ಒಂದು ಕಟ್ಟು ಬೀಡಿ ಇಟ್ಟಳು. "ವಸಂತ, ಬಾ ಮಗ, ಹೊಟ್ಟೆ ತುಂಬ ಉಣ್ಣು. ತಮ್ಮನನ್ನು ಬಿಡು" ಎಂದು ಕೈಮುಗಿದಳು. ಬಾಗಿಲು ಎಳೆದು ನಾವು ಹೊರಗೆ ಕೂತೆವು. ಅಂಗಳದಲ್ಲಿ ಕೊಡೆಗೂ ನಿಲ್ಲದ ಮಳೆ. ಬಾಗಿಲ ಸಂದಿಯಿಂದ ಬಂಗುಡೆಯ ವಾಸನೆ ಬರುತ್ತಿತ್ತು. ನನ್ನ ಹೊಟ್ಟೆ ಎಲ್ಲರಿಗೂ ಕೇಳುವ ಹಾಗೆ ಕೂಗಿತು. ಆಗ ನನಗೆ ನಿಜವಾಗಿ ಅನಿಸಿದ್ದನ್ನು ಹೇಳುತ್ತೇನೆ: ಒಳಗೆ ಕೂತು ಉಣ್ಣುತ್ತಿರುವ ಅಣ್ಣನ ಮೇಲೆ ಹೊಟ್ಟೆಕಿಚ್ಚಾಯಿತು. ಅವನಿಗಿನ್ನು ತೂಕದ ಚಿಂತೆ ಇಲ್ಲ, ಎಷ್ಟು ಬೇಕಾದರೂ ಉಣ್ಣಬಹುದು.

ಬಾಗಿಲು ತೆಗೆದ ಮೇಲೆ ಎಲೆಯಲ್ಲಿರುವುದನ್ನು ಮನೆಯವರು ಹಂಚಿಕೊಂಡು ಉಣ್ಣುವುದು ನಮ್ಮ ಕ್ರಮ. ಅಮ್ಮ ಅಣ್ಣನ ಎಲೆಯ ಮುಂದೆ ನನ್ನನ್ನು ಕೂರಿಸಿದಳು. ಒಂದು ತುತ್ತು ಎತ್ತಿದೆ. ಕೈ ಬಾಯಿಯವರೆಗೆ ಬರಲಿಲ್ಲ. ಎದ್ದು ಮಳೆಯಲ್ಲೇ ಹೊರಗೆ ಹೋದೆ.

ಅಮ್ಮ ಬಾಗಿಲಿಗೆ ಬಂದು ನಿಂತಳು. ಬೈಯಲಿಲ್ಲ. "ಅವ ಹೋದ ಮೇಲೆ ನಿನ್ನ ಬೆನ್ನು ನೋಡಿ ಸಮಾಧಾನ ಮಾಡ್ಕೊಳ್ತಿದ್ದೆ. ವಸಂತನೇ ನಡ್ಕೊಂಡು ಹೋಗ್ತಾ ಇದ್ದಾನೆ ಅಂತ ನೆನೆಸ್ತಿದ್ದೆ. ಈಗ ಅದನ್ನೂ ತೆಗೆದುಬಿಟ್ಟೆ ನೀನು" ಎಂದಳು.

ನಾನು ಯಾವುದರಿಂದ ತಪ್ಪಿಸಿಕೊಳ್ಳಲು ಓಡುತ್ತಿದ್ದೆನೋ ಅದನ್ನೇ ಅವಳು ಹಿಡಿದುಕೊಂಡು ಬದುಕುತ್ತಿದ್ದಳು. ಅದು ಅರ್ಥವಾದರೂ ಮರುದಿನ ಬೆಳಿಗ್ಗೆ ನಾನು ಒಂದು ಲೋಟ ಕರಿಚಹಾ ಕುಡಿದೇ ಕೆಲಸಕ್ಕೆ ಹೋದೆ.

ಕೊಟ್ಟಾರದಲ್ಲಿ ಬಸ್ಸಿನಿಂದ ಇಳಿಯುವಾಗ ಕಣ್ಣು ಕತ್ತಲೆ ಬಂತು. ಬಿದ್ದದ್ದು ನೆನಪಿಲ್ಲ. ಎಚ್ಚರವಾದಾಗ ಯಾವುದೋ ಅಂಗಡಿಯ ಜಗಲಿಯ ಮೇಲೆ ಮಲಗಿದ್ದೆ. ನನ್ನನ್ನು ಅಲ್ಲಿಗೆ ಎತ್ತಿ ತಂದ ಕಂಡಕ್ಟರ್ ಯಾರಿಗೋ ಹೇಳುತ್ತಿದ್ದ: "ಎಂತ ಇಲ್ಲ ಮಾರಾಯ್ರೆ ಇವರಲ್ಲಿ, ಒಂದು ಕೈಯಲ್ಲಿ ಎತ್ತಿದೆ." ನಾನು ಇಷ್ಟು ದಿನ ಕಾದದ್ದು ಈ ಮಾತಿಗೇ ಅಲ್ಲವಾ? ಖುಷಿಯಾಗಬೇಕಿತ್ತು. ಆಗಲಿಲ್ಲ. ಸತ್ತರೆ ಹೀಗೆಯೇ ಒಂದು ಕೈಯಲ್ಲಿ ಎತ್ತಿಕೊಂಡು ಹೋಗುತ್ತಾರೆ ಎಂದು ಮೊದಲ ಸಲ ಕಣ್ಣಿಗೆ ಕಟ್ಟಿತು.

ಪ್ರತಿಮಾ ಇನ್ನು ಯಾರ ಮಾತನ್ನೂ ಕೇಳಲಿಲ್ಲ. ನಗರದ ಆಸ್ಪತ್ರೆಯೊಂದರಲ್ಲಿ ಮೊದಲು ನೋಡಿದ ಡಾಕ್ಟರು ರಕ್ತ, ಸಕ್ಕರೆ, ಥೈರಾಯ್ಡ್, ಎದೆಯ ಫೋಟೋ ಎಲ್ಲ ಮಾಡಿಸಿದರು. ಎಲ್ಲ ಸರಿ ಇತ್ತು, ನಾಡಿ ಮಾತ್ರ ತೀರ ನಿಧಾನ. "ಹಾಗಾದ್ರೆ ಕಾಯಿಲೆ ಇಲ್ಲ ಅಲ್ವಾ?" ಎಂದು ಎದ್ದೆ. "ಕೂತ್ಕೊಳ್ಳಿ. ಕಾಯಿಲೆ ಉಂಟು, ನೋಡುವ ಡಾಕ್ಟರು ಬೇರೆ" ಎಂದು ಮೇಲಿನ ಮಹಡಿಗೆ ಬರೆದುಕೊಟ್ಟರು.

ಮೇಲಿನ ಮಹಡಿ ಮನಸ್ಸಿನ ಕಾಯಿಲೆಯವರದ್ದು. ಅಲ್ಲಿಯ ಬೆಂಚಿನಲ್ಲಿ ನಾನು ಕರ್ಚೀಫನ್ನು ಮೂಗಿನವರೆಗೆ ಹಿಡಿದುಕೊಂಡು ಕೂತಿದ್ದೆ. ಊರವರು ಯಾರಾದರೂ ಕಂಡರೆ "ಶೀತ" ಎಂದು ಹೇಳಲು ತಯಾರಿ. ಪಕ್ಕದಲ್ಲಿ ಬಿಕರ್ನಕಟ್ಟೆಯ ಒಬ್ಬರು ಕ್ರಿಶ್ಚಿಯನ್ ಬಾಯಮ್ಮ ಗಂಡನನ್ನು ಕರೆದುಕೊಂಡು ಬಂದಿದ್ದರು. ಒಂದು ಕೈಯಲ್ಲಿ ಜಪಸರ, ಇನ್ನೊಂದು ಕೈ ಗಂಡನ ಅಂಗಿಯ ತುದಿಯಲ್ಲಿ, ಅವರು ಎದ್ದು ಹೋಗದ ಹಾಗೆ. ಬಾಯಮ್ಮ ಜಪಸರ ಮಡಿಲಲ್ಲಿಟ್ಟು, ಕಿತ್ತಳೆ ಸುಲಿದು ಒಂದು ತೊಳೆ ಗಂಡನ ಬಾಯಿಗೆ ಇಟ್ಟು, ಇನ್ನೊಂದನ್ನು ನನ್ನ ಅಂಗೈಯಲ್ಲಿ ಇಟ್ಟರು.

"ಬೇಡ ಬಾಯಮ್ಮ" ಎಂದೆ.

"ಬೇಡದಿದ್ರೆ ಹಿಡ್ಕೊಳ್ಳಿ. ಕೈಯಲ್ಲಿ ಎಂತಾದ್ರೂ ಇದ್ರೆ ಕಾಯ್ಲಿಕ್ಕೆ ಸುಲಭ ಆಗ್ತದೆ."

ನನ್ನ ಹೆಸರು ಕರೆಯುವ ಹೊತ್ತಿಗೆ ತೊಳೆ ಕೈಯಲ್ಲಿ ಬಿಸಿಯಾಗಿತ್ತು. ಎಲ್ಲಿ ಎಸೆಯುವುದೆಂದು ತೋಚದೆ ಬಾಯಿಗೆ ಹಾಕಿಕೊಂಡೆ. ಅದು ಸಿಹಿಯಾಗಿತ್ತು. ಅಲ್ಲೇ ಕಣ್ಣಲ್ಲಿ ನೀರು ಬಂತು.

ಡಾಕ್ಟರು ನನಗಿಂತ ಹಿರಿಯ ಹೆಂಗಸು, ತುಳು ಚೆನ್ನಾಗಿ ಬರುತ್ತಿತ್ತು. ತುಂಬ ಹೊತ್ತು ನಾನೇ ಮಾತಾಡಿದೆ. ಚಟ್ಟ, ಮರಳು ದಾರಿ, ದನಿ, ಕಿಟಕಿ, ಬೆಕ್ಕು. ಬೆಕ್ಕಿನ ಕಥೆಗೆ ಅವರು ನಕ್ಕರು, ನಾನೂ ನಕ್ಕೆ. ನಕ್ಕು ಎಷ್ಟು ಕಾಲವಾಗಿತ್ತೋ. "ತೆಳ್ಳಗಾಗ್ಲಿಕ್ಕೆ ಊಟ ಬಿಡುವುದು ಹುಡುಗಿಯರಿಗೆ ಬರುವ ಕಾಯಿಲೆ ಅಲ್ವಾ ಡಾಕ್ಟ್ರೇ?" ಎಂದು ನಾಚಿಕೆಯಿಂದಲೇ ಕೇಳಿದೆ.

"ಗಂಡಸರಿಗೂ ಬರ್ತದೆ. ಅವರು ಹೇಳುವುದಿಲ್ಲ, ಅಷ್ಟೇ."

ನಾನು ಚಾರ್ಟಿನ ವಿಷಯ ತೆಗೆದೆ. ನನ್ನ ಎತ್ತರಕ್ಕೆ ಸರಿಯಾದ ತೂಕ ಎಷ್ಟು, ನೀವೇ ಒಂದು ಸಂಖ್ಯೆ ಹೇಳಿಬಿಡಿ ಎಂದೆ. ಅವರು ನನ್ನ ಮಣಿಕಟ್ಟು ಹಿಡಿದು ನೋಡಿದರು. "ಎತ್ತರ ಒಂದೇ ಇದ್ದ ಮಾತ್ರಕ್ಕೆ ಎಲ್ಲರ ಎಲುಬೂ ಒಂದೇ ಅಲ್ಲ. ಚಾರ್ಟು ದಾರಿ ತೋರಿಸ್ತದೆ, ನಿಮ್ಮ ಹೆಗಲು ಅದಕ್ಕೆ ಎಲ್ಲಿ ಗೊತ್ತುಂಟು? ತೂಕದ ನೆನಪೇ ಇಲ್ಲದೆ ಇದ್ದದ್ದು ಯಾವ ಪ್ರಾಯದಲ್ಲಿ?" ಎಂದರು. ಇಪ್ಪತ್ತೈದರಲ್ಲಿ, ಎಂದೆ. ರಜೆಯಲ್ಲಿ ಅಪ್ಪನ ಜೊತೆ ದಡದಲ್ಲಿ ನಿಂತು ರಂಪಣಿ ಬಲೆ ಎಳೆಯುತ್ತಿದ್ದಾಗ. "ಹಾಂ, ಆ ಮೈಯನ್ನು ಹುಡುಕುವ. ಅಣ್ಣನದ್ದೂ ಬೇಡ, ಚಾರ್ಟಿನದ್ದೂ ಬೇಡ" ಎಂದರು. ಧಕ್ಕೆಯಲ್ಲಿ ಮೀನು ತೂಗುವಾಗ ಬುಟ್ಟಿಯ ತೂಕ ಬೇರೆ ಕಳೆಯುತ್ತಾರೆ. ಧಕ್ಕೆಯವರ ಮನೆಯಲ್ಲಿ ಹುಟ್ಟಿಯೂ, ನನ್ನ ಎಲುಬೇ ಆ ಬುಟ್ಟಿ ಎಂದು ನನಗೆ ಹೊಳೆದಿರಲಿಲ್ಲ.

ಆಮೇಲಿನ ತಿಂಗಳುಗಳು ಸುಲಭವಾಗಿರಲಿಲ್ಲ. ತೂಕದ ಯಂತ್ರವನ್ನು ಪ್ರತಿಮಾ ತವರುಮನೆಗೆ ಸಾಗಿಸಿದಳು. ಆಸ್ಪತ್ರೆಯಲ್ಲಿ ನನ್ನನ್ನು ತೂಗುವಾಗ ಬೆನ್ನು ತಿರುಗಿಸಿ ನಿಲ್ಲಿಸುತ್ತಿದ್ದರು, ಸಂಖ್ಯೆ ಕಾಣದ ಹಾಗೆ. ಮೊದಮೊದಲು ಅರ್ಧ ಲೋಟ ಗಂಜಿ, ಮೇಲೆ ತುಪ್ಪ. ಅರ್ಧ ಲೋಟ ಗಂಜಿ ಕುಡಿಯಲು ಒಬ್ಬ ದೊಡ್ಡ ಗಂಡಸು ಗಂಟೆಗಟ್ಟಲೆ ಕೂರುವುದನ್ನು ನೋಡಿದರೆ ನಿಮಗೆ ನಗು ಬರಬಹುದು. ಪ್ರತಿಮಾ ನಗಲಿಲ್ಲ, ಎದುರಿಗೇ ಕೂತು ಟೀವಿ ನೋಡುವ ನಾಟಕ ಮಾಡಿದಳು. ದನಿ ಹೋಗಲಿಲ್ಲ. ಅದು ಬಂದಾಗ ಜಗಳ ಮಾಡಬೇಡಿ, ಬಂದು ಹೋಗಲಿ ಎಂದು ಡಾಕ್ಟರು ಹೇಳಿಕೊಟ್ಟಿದ್ದರು. ನಿಧಾನಕ್ಕೆ ಸ್ವೆಟರ್ ಬಿಟ್ಟೆ, ಬಸ್ಸಿನಲ್ಲಿ ಕೂತು ಹೋದೆ.

ಆದರೆ ಅಮ್ಮ ಬಟ್ಟಲಿಗೆ ಸೌಟು ತಂದರೆ ಮಾತ್ರ ನಾನು ಬಟ್ಟಲಿಗೆ ಕೈ ಅಡ್ಡ ಹಿಡಿಯುತ್ತಿದ್ದೆ. ಪ್ರತಿಮಾ ಬಡಿಸಿದರೆ ಇಳಿಯುವ ಅನ್ನ ಅಮ್ಮ ಬಡಿಸಿದರೆ ಇಳಿಯುತ್ತಿರಲಿಲ್ಲ. ಇದನ್ನು ಕೇಳಿದ ಡಾಕ್ಟರು "ಮುಂದಿನ ಸಲ ಅಮ್ಮನನ್ನು ಕರ್ಕೊಂಡು ಬನ್ನಿ" ಎಂದರು.

ಅಮ್ಮ ಒಳ್ಳೆಯ ಸೀರೆ ಉಟ್ಟು, ಕುರ್ಚಿಯ ತುದಿಯಲ್ಲಿ ಕೂತಳು. ಡಾಕ್ಟರು ತುಳುವಿನಲ್ಲಿ ಮಾತು ಶುರು ಮಾಡಿದ್ದೇ ಅವಳ ಬಿಗುಮಾನ ಸಡಿಲವಾಯಿತು. ಪ್ರಶ್ನೆ ಇಡಿಸಿದ್ದನ್ನು ಹೇಳಿದಳು. ವಸಂತನ ಹಸಿವು ತೀರಿಲ್ಲ ಎಂದಳು. ಡಾಕ್ಟರು ನಗಲಿಲ್ಲ, ತಿದ್ದಲೂ ಇಲ್ಲ.

"ಅವನಿಗೆ ಹಸಿವು ಉಂಟು ಅಂತ ನಿಮಗೆ ಯಾಕೆ ಅನಿಸ್ತದೆ ಅಮ್ಮ?"

ಅಮ್ಮ ಸೆರಗು ಹಿಂಡಿದಳು. "ಕೊನೆಯ ದಿನ ಉಣ್ಣುವಾಗ ಇನ್ನೊಂದು ಸೌಟು ಅನ್ನ ಕೇಳಿದ. ನಾನು ಕೊಡ್ಲಿಲ್ಲ. ಡಾಕ್ಟ್ರು ಬೈತಾರೆ, ಹೊಟ್ಟೆ ನೋಡ್ಕೋ ಅಂದೆ. 'ಆಯ್ತಮ್ಮ' ಅಂತ ಕೈ ತೊಳೆದು ಎದ್ದ. ಬೆಳಿಗ್ಗೆ ಹೀಗೆ ಆಯ್ತು."

ನನಗಿದು ಗೊತ್ತಿರಲಿಲ್ಲ. ಪ್ರತಿಮಾಳಿಗೂ ಗೊತ್ತಿರಲಿಲ್ಲ. ಇಷ್ಟು ಕಾಲ ಒಂದೇ ಮನೆಯಲ್ಲಿ ಕೂತು ನಾವು ಯಾರೂ ಕೇಳಿರಲಿಲ್ಲ.

ಡಾಕ್ಟರು ತೀರ ಸಾಮಾನ್ಯ ದನಿಯಲ್ಲಿ ಕೇಳಿದರು. "ನೀವು ರಾತ್ರಿ ಎಂತ ಉಣ್ತೀರಿ?"

ಅಮ್ಮ ಹೊರಡುವವಳ ಹಾಗೆ ಕುರ್ಚಿಯಿಂದ ಎದ್ದಳು. ನಾನು ಅವಳ ಮುಖ ನೋಡಿದೆ. ಅಮ್ಮ ಯಾವಾಗಲೂ ಎಲ್ಲರದ್ದೂ ಆದ ಮೇಲೆ ಅಡುಗೆಮನೆಯಲ್ಲಿ ಒಬ್ಬಳೇ ಕೂತು ಉಣ್ಣುವವಳು. ಅವಳ ಬಟ್ಟಲು ನಾವು ಯಾರೂ ನೋಡಿದವರಲ್ಲ.

"ಒಮ್ಮೆ ಇದರ ಮೇಲೆ ನಿಲ್ಲಿ ಅಮ್ಮ" ಎಂದು ಡಾಕ್ಟರು ತೂಕದ ಯಂತ್ರ ತೋರಿಸಿದರು.

"ನನಗೆಂತಕೆ? ಕಾಯಿಲೆ ಇವನಿಗೆ" ಎಂದು ಅಮ್ಮ ಗೊಣಗಿದಳು. ಪ್ರತಿಮಾ ಕೈ ಹಿಡಿದು ನಿಲ್ಲಿಸಿದಳು. ಸೀರೆ, ಲಂಗ, ಸೆರಗು ಎಲ್ಲ ಸೇರಿ ಅಲ್ಲಿ ಬಂದ ಸಂಖ್ಯೆಯನ್ನು ನಾನು ಬರೆಯುವುದಿಲ್ಲ. ಬುಟ್ಟಿ ತುಂಬ ಮೀನು ತಲೆಯ ಮೇಲೆ ಹೊತ್ತು ಊರೂರು ನಡೆದ ಹೆಂಗಸಿನ ತೂಕ ಅದಲ್ಲ. "ರವಿಕೆಗೆ ಒಳಗಿಂದ ಹೊಲಿಗೆ ಹಾಕ್ತಾ ಇದ್ರು. ಪ್ರಾಯ ಆಯ್ತಲ್ಲ ಅಂತ ನೆನೆಸಿದೆ ನಾನು" ಎಂದು ಪ್ರತಿಮಾ ಬಾಯಿಗೆ ಕೈ ಇಟ್ಟುಕೊಂಡಳು.

"ಯಾವಾಗಿಂದ ಅಮ್ಮ?" ಎಂದು ಕೇಳಿದೆ.

ಅಮ್ಮ ಯಂತ್ರದ ಮೇಲಿಂದ ಇಳಿದು, ಸೀರೆಯ ನೆರಿಗೆ ಸರಿಮಾಡಿಕೊಂಡು, ನನ್ನ ಕಡೆ ನೋಡದೆ ಹೇಳಿದಳು. "ಅವನಿಗೆ ಕೊಡದ ಅನ್ನ ನನಗೆ ಹೇಗೆ ಇಳೀತದೆ?"

ಅಣ್ಣ ಹೋದ ದಿನದಿಂದ ಅವಳು ರಾತ್ರಿ ಅನ್ನ ಮುಟ್ಟಿರಲಿಲ್ಲ. ನಾನು ಸ್ವೆಟರ್ ಹಾಕಿ ನಡುಗುತ್ತಿದ್ದಾಗ, ಕಿಟಕಿಯಿಂದ ಮೀನು ಎಸೆಯುತ್ತಿದ್ದಾಗ, ಇಡೀ ಮನೆ ನನ್ನ ಬಟ್ಟಲನ್ನೇ ನೋಡುತ್ತಿದ್ದಾಗ, ಅವಳು ಅಡುಗೆಮನೆಯಲ್ಲಿ ಪಾತ್ರೆ ತೊಳೆದು, ನೀರು ಕುಡಿದು ಮಲಗುತ್ತಿದ್ದಳು. ಅಂತೂ ನಮ್ಮ ಮನೆಯಲ್ಲಿ ಹೊಟ್ಟೆ ತುಂಬ ಉಂಡವನು ಸತ್ತವನೊಬ್ಬನೇ.

ಆ ಸಂಜೆ ಪ್ರತಿಮಾ ಅನ್ನ ಇಟ್ಟು, ಬೂತಾಯಿ ಮೀನಿನ ಪುಳಿಮುಂಚಿ ಸಾರು ಮಾಡಿದಳು. ನಾನು ಅಡುಗೆಮನೆಗೆ ಹೋಗಿ ಅಮ್ಮನ ಕೈ ಹಿಡಿದು ಎಳೆದುಕೊಂಡು ಬಂದು ಪಕ್ಕದಲ್ಲಿ ಕೂರಿಸಿದೆ. ಅವಳ ಮಣಿಕಟ್ಟು ನನ್ನ ಬೆರಳುಗಳ ಒಳಗೆ ಪೂರ್ತಿ ಬಂತು. ಅವಳ ಬಟ್ಟಲಿಗೆ ನಾನೇ ಬಡಿಸಿದೆ.

"ಸಾಕು, ಸಾಕು ಮಾರಾಯ!"

"ನಾನು ಸಾಕು ಅಂದಾಗ ನೀನು ಬಿಟ್ಟದ್ದು ಉಂಟಾ?" ಎಂದು ಇನ್ನೂ ಸ್ವಲ್ಪ ಹಾಕಿದೆ.

ಅಮ್ಮ ಬಟ್ಟಲು ನೋಡುತ್ತಾ ಕೂತಳು. ಆ ನೋಟ ನನಗೆ ಗೊತ್ತು. ಎದೆ ಡವಡವ ಹೊಡೆಯುವ, ಕೈ ಮೇಲೆ ಬರದ ಆ ಹೆದರಿಕೆ ನನ್ನದೊಂದೇ ಎಂದು ತಿಳಿದಿದ್ದೆ. ನಾನು ಮೊದಲು ಒಂದು ತುತ್ತು ತಿಂದೆ, ಅವಳು ಕಾಣುವ ಹಾಗೆ, ನಿಧಾನಕ್ಕೆ. ಅವಳು ಕಲಸಿದಳು, ಬಿಟ್ಟಳು, ಮತ್ತೆ ಕಲಸಿದಳು. ಕೊನೆಗೆ ಒಂದು ಸಣ್ಣ ತುತ್ತು ಬಾಯಿಗೆ ಇಟ್ಟಳು. ಅಗಿಯುತ್ತಾ ಅತ್ತಳು. ಅತ್ತುಕೊಂಡೇ ನುಂಗಿದಳು.

ಆಮೇಲೆ ಅಣ್ಣ ಮಲಗುತ್ತಿದ್ದ ಕೋಣೆಯ ಕಡೆಗೆ ಒಮ್ಮೆ ನೋಡಿ, ನನ್ನ ಕಡೆ ಬಗ್ಗಿ, ಯಾರಿಗೂ ಕೇಳಬಾರದು ಎನ್ನುವ ಹಾಗೆ ಮೆಲ್ಲಗೆ ಹೇಳಿದಳು.

"ನಾನು ಉಂಡದ್ದು ಅವನಿಗೆ ಹೇಳ್ಬೇಡ ಆಯ್ತಾ."

ಹೇಳುವುದಿಲ್ಲ ಅಮ್ಮ, ನೀನು ಉಣ್ಣು ಎಂದೆ.